ಆರು ಭೇಟಿ, ಒಂದೇ ಉತ್ತರ: ಒಸಾಕಾದ ಒಬ್ಬ ಎಳೆಯ ಮಿಶನರಿಯ ಪ್ರಕರಣ

2023ರ ಆಗಸ್ಟ್ ಕೊನೆಯ ವಾರ. ತರಗತಿ ಮುಗಿದಿತ್ತು. ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದೆ. ಬಿಳಿ ಅಂಗಿಯ ಹುಡುಗ ಬಂದು ನೋಟ್‌ಬುಕ್ ಬಿಡಿಸಿ ಹಿಡಿದ. ಆರು ತಾರೀಖು, ಆರರ ಮುಂದೆಯೂ ಒಂದೇ ಮಾತು: ಕಂಗಾಎತೊಕು ವಾ. ಯೋಚನೆ ಮಾಡ್ತೀನಿ ಅಂತ ಅದರ ಅರ್ಥ.

"ಸೆನ್ಸೆ, ಇದರಲ್ಲಿ ನಾನು ಯಾವ ವ್ಯಾಕರಣ ಬಿಟ್ಟೆ?" ಅಂತ ಕೇಳಿದ. ಸೆನ್ಸೆ ಅಂದರೆ ಟೀಚರ್.

ವ್ಯಾಕರಣ ಏನೂ ಬಿಟ್ಟಿರಲಿಲ್ಲ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಏಪ್ರಿಲ್ ತಿಂಗಳ ಪಾಠದಲ್ಲಿ, ಆ ವಾಕ್ಯ ಇತ್ತು. ಪಕ್ಕದಲ್ಲಿ ಅರ್ಥವೂ ಇತ್ತು. ಬರೆಸಿದವಳು ನಾನೇ. ಬರೀ ಅರ್ಥ ಬರೆಸಿದ್ದೆ, ಅಷ್ಟೆ. ಈ ಪ್ರಕರಣವನ್ನು ಬರೆದಿಡಲು ಅದೂ ಒಂದು ಕಾರಣ.

ನಾನು ಒಸಾಕಾದ ಉತ್ತರಕ್ಕಿರುವ ಒಂದು ಊರಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ವಾರಕ್ಕೊಂದು ಸಂಜೆ, ಹೊಸದಾಗಿ ಬಂದ ವಿದೇಶಿಯರಿಗೆ ಆಡುಮಾತಿನ ಜಪಾನಿ ಕಲಿಸುತ್ತೇನೆ. ಸಂಬಳ ಇಲ್ಲದ ಕೆಲಸ. ವಿಯೆಟ್ನಾಮಿನ ಕಾರ್ಖಾನೆ ಹುಡುಗರು, ನೇಪಾಳದ ವಿದ್ಯಾರ್ಥಿಗಳು, ಮದುವೆಯಾಗಿ ಬಂದ ಹೆಣ್ಣುಮಕ್ಕಳು ಬರುತ್ತಾರೆ. ಆ ವರ್ಷ ಇಬ್ಬರು ಅಮೆರಿಕನ್ ಮಿಶನರಿಗಳೂ ಬಂದರು. ಇಬ್ಬರಲ್ಲಿ ಚಿಕ್ಕವನ ಕಥೆ ಇದು. ಬರೆಯಲು ಅವನ ಒಪ್ಪಿಗೆ ಇದೆ. ಹೆಸರು, ಕಟ್ಟಡದ ನಂಬರು, ತಾರೀಖು ಬಿಟ್ಟಿದ್ದೇನೆ.

ಎದೆಯ ಮೇಲೆ 'ಹಿರಿಯರು'

ಹುಡುಗನಿಗೆ 19 ವರ್ಷ. ಲ್ಯಾಟರ್-ಡೇ ಸೇಂಟ್ಸ್ ಅನ್ನುವ ಕ್ರೈಸ್ತ ಸಭೆಯವನು, ಸಭೆ ಅಂದರೆ ಚರ್ಚ್. ಜನ ಮಾರ್ಮನ್ ಅಂತ ಕರೆಯುವುದು ಇವರನ್ನೇ. 2018ರಿಂದ ಸಭೆಯವರು ಆ ಹೆಸರು ಬೇಡ, ಪೂರ್ಣ ಹೆಸರು ಹೇಳಿ ಅನ್ನುತ್ತಿದ್ದಾರೆ. ಆದರೆ ಜಪಾನಿನಲ್ಲಿ ಬಾಗಿಲು ತೆರೆದವರ ಬಾಯಲ್ಲಿ ಬರುವುದು 'ಮೊರುಮೊನ್' ಅಂತಲೇ.

ಈ ಸಭೆಯ ಗಂಡುಹುಡುಗರು ಎರಡು ವರ್ಷ, ಹೆಣ್ಣುಮಕ್ಕಳು ಒಂದೂವರೆ ವರ್ಷ ಮಿಶನ್ ಸೇವೆಗೆ ಹೋಗುತ್ತಾರೆ. ಹುಡುಗರು 18ಕ್ಕೇ ಹೋಗಬಹುದು ಅಂತ ಆಗಿದ್ದು 2012ರಲ್ಲಿ. ಅದಕ್ಕೂ ಮುಂಚೆ 19 ಆಗಬೇಕಿತ್ತು. ಯಾವ ದೇಶ ಅಂತ ಆರಿಸಿಕೊಳ್ಳುವ ಹಾಗಿಲ್ಲ, ಸಭೆಯವರು ಹೇಳಿದ ಕಡೆ ಹೋಗಬೇಕು. ಸಂಬಳ ಇಲ್ಲ. ಬದಲಿಗೆ ಅಮೆರಿಕದ ಹುಡುಗನಾದರೆ ಮನೆಯವರೇ ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಾರೆ. 400 ಡಾಲರ್ ಇದ್ದದ್ದು 2020ರ ಜುಲೈಯಿಂದ 500 ಆಯಿತು.

ಅಂಗಿಯ ಜೇಬಿನ ಮೇಲೆ ಕಪ್ಪು ಬಿಲ್ಲೆ. ಅದರಲ್ಲಿ ಅಡ್ಡಹೆಸರು, ಜೊತೆಗೆ 'ಚೋರೋ' ಅನ್ನುವ ಪದ. ಹಿರಿಯರು ಅಂತ ಅರ್ಥ. ಜಪಾನಿಯರ ಕಿವಿಗೆ ಅದು ಬಿಳಿ ಗಡ್ಡದ ಊರ ಯಜಮಾನರನ್ನು ಕರೆಯುವ ಪದ. ಮೀಸೆ ಸರಿಯಾಗಿ ಚಿಗುರದ ಹುಡುಗ ಬಾಗಿಲಲ್ಲಿ ನಿಂತು "ನಾನು ಹಿರಿಯರು" ಅಂದರೆ ಹೇಗಿರುತ್ತೆ ಹೇಳಿ. ಮೊದಲ ದಿನ ತರಗತಿಯಲ್ಲಿ ವಿಯೆಟ್ನಾಮಿನ ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ಅವನೂ ನಕ್ಕ.

ದಿನಚರಿ ಬಿಗಿ. 6:30ಕ್ಕೆ ಅಲಾರಂ. ಒಂದೇ ಕೋಣೆಯಲ್ಲಿ ಇಬ್ಬರ ಹಾಸಿಗೆ, ಮಡಚಿ ಕಪಾಟಿಗೆ ಸೇರಿಸಬೇಕು. ಅರ್ಧ ಗಂಟೆ ವ್ಯಾಯಾಮ. ಎಂಟರೊಳಗೆ ಆ ದಿನದ ಕಸ ಕೆಳಗಿಡಬೇಕು, ಸುಡುವ ಕಸದ ದಿನ ಪ್ಲಾಸ್ಟಿಕ್ ಇಟ್ಟರೆ ಪಕ್ಕದ ಮನೆಯವರು ನಯವಾಗಿ ವಾಪಸ್ ತಂದಿಡುತ್ತಾರೆ. ಆಮೇಲೆ ಗ್ರಂಥ ಓದುವುದು, ಜೊತೆಗಾರನ ಜೊತೆ ಓದುವುದು, ಭಾಷೆ ಕಲಿಯುವುದು. ಹತ್ತರ ಹೊತ್ತಿಗೆ ಹೆಲ್ಮೆಟ್ ಹಾಕಿ ಸೈಕಲ್ ಹತ್ತಿದರೆ ರಾತ್ರಿ ಒಂಬತ್ತರ ತನಕ ಬೀದಿ, ಮೆಟ್ಟಿಲು, ಬಾಗಿಲು. 10:30ಕ್ಕೆ ದೀಪ ಆರಿಸಬೇಕು. ಸೋಮವಾರ ಹಗಲು ಮಾತ್ರ ಬಿಡುವು: ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ವಿಡಿಯೊ ಕರೆ. ವಾರಕ್ಕೊಮ್ಮೆ ಕರೆ ಮಾಡಬಹುದು ಅಂತ ಆದದ್ದೇ 2019ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ವಾರಕ್ಕೊಂದು ಇ-ಮೇಲ್, ವರ್ಷಕ್ಕೆ ಎರಡು ಕರೆ.

ಇಷ್ಟೆಲ್ಲದರಲ್ಲಿ ಅವನಿಗೆ ತೀರಾ ಕಷ್ಟ ಅನ್ನಿಸಿದ್ದು ಯಾವುದು ಅಂತ ಕೇಳಿದ್ದೆ. ಬೈಸಿಕೊಳ್ಳುವುದು ಅಂತಾನೇನೋ ಅಂದುಕೊಂಡಿದ್ದೆ. "ಜಪಾನಿನಲ್ಲಿ ಯಾರೂ ಬೈಯಲ್ಲ ಸೆನ್ಸೆ, ಅದೇ ಕಷ್ಟ" ಅಂದ. ಆಗ ಆ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ನಿಯಮ ಇಲ್ಲಿ ಮುಖ್ಯ. ಜೊತೆಗಾರನನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಕಣ್ಣಳತೆಯಲ್ಲಿ, ಕೂಗಳತೆಯಲ್ಲಿ ಇರಬೇಕು. ಜೊತೆಗಾರ ಯಾರು, ಊರು ಯಾವುದು ಅನ್ನುವುದು ಆರು ವಾರಕ್ಕೊಮ್ಮೆ ಬದಲಾಗಬಹುದು. ಆ ಬೇಸಿಗೆಯಲ್ಲಿ ಇವನ ಜೊತೆಗಿದ್ದವನೂ ಅಮೆರಿಕದವನೇ, ಇವನಿಗಿಂತ ಒಂದು ವರ್ಷ ದೊಡ್ಡವನು. ಇಬ್ಬರಿಗೂ ಬಂದಿದ್ದು ಪುಸ್ತಕದ ಜಪಾನಿ. ಇಬ್ಬರಿಗೂ ಕಾಣದ್ದು ಒಂದೇ ಜಾಗದಲ್ಲಿತ್ತು.

ನಾಲ್ಕನೇ ಮಹಡಿ

ಘಟನೆ ನಡೆದದ್ದು ಒಂದು ಹಳೆಯ ದಾಂಚಿಯಲ್ಲಿ. ದಾಂಚಿ ಅಂದರೆ ಯುದ್ಧದ ನಂತರ ಸರ್ಕಾರಿ ಸಂಸ್ಥೆಗಳು ಸಾಲಾಗಿ ಕಟ್ಟಿಸಿದ ಬಾಡಿಗೆ ಮನೆಗಳ ಕಟ್ಟಡ. ಒಸಾಕಾದ ಉತ್ತರದಲ್ಲಿ ಸೆನ್ರಿ ನ್ಯೂ ಟೌನ್‌ಗೆ 1962ರಲ್ಲಿ ಜನ ಬರಲು ಶುರುವಾದರು. ಸುತ್ತಮುತ್ತ ಅಂಥವು ಬೇಕಾದಷ್ಟಿವೆ. ಐದು ಮಹಡಿ, ಲಿಫ್ಟ್ ಇಲ್ಲ. ಒಂದು ಮೆಟ್ಟಿಲ ಸಾಲಿಗೆ ಮಹಡಿಗೆ ಎರಡರಂತೆ ಹತ್ತು ಮನೆ. ಕಬ್ಬಿಣದ ಬಾಗಿಲು. ಬಾಗಿಲಲ್ಲಿ ಇಣುಕು ಕಿಂಡಿ, ಅದರ ಕೆಳಗೆ ಕಾಗದ ಹಾಕುವ ಸೀಳು. ನಾಲ್ಕನೇ ಮಹಡಿಯಲ್ಲಿ ಕೆಮ್ಮಿದರೆ ಎರಡನೇ ಮಹಡಿಗೆ ಕೇಳುತ್ತದೆ.

ಆಗ ಮಕ್ಕಳು ಗಿಜಿಗುಡುತ್ತಿದ್ದ ಮನೆಗಳಲ್ಲಿ ಈಗ ಒಬ್ಬೊಬ್ಬರೇ ವಯಸ್ಸಾದವರು. ಈ ಅಜ್ಜನೂ ಹಾಗೆ. 79 ವರ್ಷ. 1970ರಲ್ಲಿ, ಅಲ್ಲೇ ಪಕ್ಕದಲ್ಲಿ ಎಕ್ಸ್‌ಪೊ ಅನ್ನುವ ವಿಶ್ವ ವಸ್ತುಪ್ರದರ್ಶನ ನಡೆದ ವರ್ಷ, ಹೆಂಡತಿಯ ಜೊತೆ ಬಂದವರು. ಆ ಎಕ್ಸ್‌ಪೊಗೆ 6 ಕೋಟಿ 40 ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು. ಅಮೆರಿಕದ ಮಂಟಪದಲ್ಲಿ ಚಂದ್ರನ ಕಲ್ಲು ನೋಡಲು ಗಂಟೆಗಟ್ಟಲೆ ಸಾಲಿನಲ್ಲಿ ನಿಂತದ್ದನ್ನು ಅವರು ಹುಡುಗರಿಗೆ ಮೊದಲ ದಿನವೇ ಹೇಳಿದರಂತೆ. ಹೆಂಡತಿ ತೀರಿಹೋಗಿದ್ದಾರೆ.

ಮೊದಲ ಭೇಟಿ ಜೂನ್ ಕೊನೆಗೆ. ಮಳೆಗಾಲ. ಹುಡುಗರು ತೊಪ್ಪೆಯಾಗಿದ್ದರು. ಅಜ್ಜ ಬಾಗಿಲು ತೆರೆದು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಒಂದೊಂದು ತೆಳು ಟವೆಲು ತಂದುಕೊಟ್ಟರು. ಯಾವುದೋ ಅಂಗಡಿಯ ಹೆಸರು ಅಚ್ಚಾದ, ಹೊಸ ವರ್ಷಕ್ಕೆ ಸುಮ್ನೆ ಹಂಚುವ ಥರದ್ದು. ಒಳಗೆ ಕೂರಿಸಿದರು. ಕೆಟಲ್ ಇಟ್ಟರು. ಚಿಕ್ಕ ಮಣ್ಣಿನ ಕುಡಿಕೆಗೆ ಎಲೆ ಹಾಕಿ, ನೀರು ಸ್ವಲ್ಪ ಆರಲು ಬಿಟ್ಟು, ಮೂರು ಬಟ್ಟಲಿಗೂ ಒಂದೇ ಹದ ಬರುವಂತೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿದರು. ಹಸಿರು ಚಹಾ.

ಈ ಸಭೆಯವರು ಚಹಾ ಕುಡಿಯುವುದಿಲ್ಲ. ಕಾಫಿ, ಮದ್ಯ, ತಂಬಾಕಿನ ಜೊತೆ ಚಹಾಗೂ ನಿಷೇಧ, ಅದರ ಮೂಲ 1833ರ ಒಂದು ಉಪದೇಶದಲ್ಲಿದೆ. ಹಸಿರು ಚಹಾ ಆಗಬಹುದಾ ಅಂತ ಕೆಲವರಿಗೆ ಅನುಮಾನ ಇತ್ತು. ಅದೂ ಅದೇ ಗಿಡದ ಎಲೆ, ಆಗದು ಅಂತ 2019ರಲ್ಲಿ ಸಭೆಯ ಪತ್ರಿಕೆಯೊಂದು ಸ್ಪಷ್ಟ ಮಾಡಿತು.

ಹುಡುಗ ಬೆನ್ನು ನೆಟ್ಟಗೆ ಮಾಡಿ, ಉಚ್ಚಾರ ಒಂದಿಷ್ಟೂ ತಪ್ಪದೆ ಹೇಳಿದ: "ಒಚಾ ವಾ ನೊಮಿಮಾಸೆನ್." ಚಹಾ ಕುಡಿಯೋದಿಲ್ಲ.

ಬಟ್ಟಲು ಮುಂದೆ ಸರಿಸುತ್ತಿದ್ದ ಅಜ್ಜನ ಕೈ ಅಲ್ಲೇ ನಿಂತಿತಂತೆ. ಎದ್ದು ಹೋಗಿ ನಲ್ಲಿ ನೀರಿಗೆ ಐಸ್ ಹಾಕಿ ತಂದರು. ಆ ಎರಡು ಬಟ್ಟಲು ಕೊನೆಯವರೆಗೂ ಮೇಜಿನ ಮೇಲೆ ಆರುತ್ತಾ ಇದ್ದವು. ಹುಡುಗರು ತಮ್ಮ ಮಾತು ಹೇಳಿದರು. ಅಜ್ಜ ಕೇಳಿದರು, ತಲೆಯಾಡಿಸಿದರು, "ಒಳ್ಳೆ ಮಾತು" ಅಂದರು. ಹೊರಡುವಾಗ ಮುಂದಿನ ವಾರ ಬರಬಹುದಾ ಅಂದಾಗ ಬಂದದ್ದೇ ಆ ಉತ್ತರ. ಕಂಗಾಎತೊಕು ವಾ.

ಹುಡುಗ ಆ ರಾತ್ರಿ ಬರೆದುಕೊಂಡ: ಆಸಕ್ತಿ ಇದೆ, ಯೋಚನೆ ಮಾಡುತ್ತಾರೆ.

ಎರಡನೇ ವಾರ ಹೋದರೆ ಫ್ರಿಜ್ಜಿನಲ್ಲಿ ಗಾಜಿನ ಹೂಜಿಯ ತುಂಬ ಮುಗಿಚಾ. ಹುರಿದ ಬಾರ್ಲಿ ನೆನೆಸಿದ ನೀರು ಅದು. ಹೆಸರಿನಲ್ಲಿ ಚಹಾ ಇದ್ದರೂ ಚಹಾ ಎಲೆ ಇಲ್ಲ, ಅವರು ಕುಡಿಯಬಹುದು. ಇದನ್ನು ಅಜ್ಜ ಯಾರನ್ನು ಕೇಳಿ ತಿಳಿದುಕೊಂಡರೋ ಏನೋ. ಹುಡುಗನಿಗೆ ಖುಷಿಯೋ ಖುಷಿ. ಭಾನುವಾರದ ಕೂಟಕ್ಕೆ ಕರೆದ. "ಇಕೆತಾರ ಇಕು ವಾ" ಅಂದರು ಅಜ್ಜ. ಬರೋಕಾದ್ರೆ ಬರ್ತೀನಿ.

ಮೂರು ಭಾನುವಾರ ಅವನು ಸಭಾಮಂದಿರದ ಗೇಟಿನ ಹತ್ತಿರ ಕಾದು ನಿಂತ. ಕೂಟ ಶುರುವಾದ ಮೇಲೂ ಐದು ನಿಮಿಷ ನಿಂತು, ಆಮೇಲೆ ಒಳಗೆ ಹೋಗುತ್ತಿದ್ದ.

ಆಗಸ್ಟ್ ಮೊದಲ ವಾರದ ಹೊತ್ತಿಗೆ ಆರು ಭೇಟಿ ಆಗಿತ್ತು. ಅದಾದ ಮೇಲೆ ಮೆಟ್ಟಿಲ ಕೆಳಗಿನ ಫಲಕದಲ್ಲಿ ನಿವಾಸಿಗಳ ಸಂಘದ ಒಂದು ಹಾಳೆ ಬಿತ್ತು. ಧರ್ಮದ ಹೆಸರಿನಲ್ಲಿ ಮನೆ ಮನೆಗೆ ಬರುವವರ ಬಗ್ಗೆ ದೂರು ಬಂದಿದೆ, ದಯವಿಟ್ಟು ಖಡಾಖಂಡಿತವಾಗಿ ನಿರಾಕರಿಸಿ ಅಂತ. ಸಭಾಮಂದಿರಕ್ಕೂ ಒಂದು ಫೋನ್ ಹೋಯಿತು. ಫೋನ್ ಮಾಡಿದವರು ಎಷ್ಟು ಮರ್ಯಾದೆಯಿಂದ ಮಾತಾಡಿದರೆಂದರೆ, ಅದು ದೂರು ಅಂತ ತಿಳಿಯಲು ಎರಡು ನಿಮಿಷ ಬೇಕಾಯಿತಂತೆ. ಆ ಕಟ್ಟಡಕ್ಕೆ ಇನ್ನು ಹೋಗಬೇಡಿ ಅಂತ ಹುಡುಗರಿಗೆ ಹೇಳಿದರು. ದೂರು ಕೊಟ್ಟವರು ಅಜ್ಜನೋ, ಎದುರು ಮನೆಯವರೋ, ಕೊನೆಗೂ ತಿಳಿಯಲಿಲ್ಲ. ಅವನನ್ನು ತಿಂದದ್ದು ಅದೇ.

ಹಲಗೆಯ ಮೇಲೆ ಆರು ಚುಕ್ಕೆ

ನೋಟ್‌ಬುಕ್ ನೋಡಿ ನಾನು ತಕ್ಷಣ ಏನೂ ಹೇಳಲಿಲ್ಲ. ಬಿಳಿ ಹಲಗೆಯ ಮೇಲೆ ಅಜ್ಜನ ಮನೆಯ ನಕ್ಷೆ ಬರೆಯಲು ಹೇಳಿದೆ. ಇವು ಎಲ್ಲ ಒಂದೇ ಅಚ್ಚಿನ ಮನೆಗಳು, ಬರೆಯುವುದು ಸುಲಭ. ಬಾಗಿಲು, ಚಪ್ಪಲಿ ಬಿಡುವ ಗೆಂಕಾನ್, ಒಂದು ಮೆಟ್ಟಿಲು, ಅಡುಗೆಮನೆ, ಮೇಜಿರುವ ಕೋಣೆ. "ಪ್ರತಿ ಸಲ ನೀನು ಎಲ್ಲಿದ್ದೆ, ಅಲ್ಲಿ ಚುಕ್ಕೆ ಇಡು" ಅಂದೆ.

ಮೊದಲ ಚುಕ್ಕೆ ಮೇಜಿನ ಪಕ್ಕ. ಎರಡನೆಯದೂ ಅಲ್ಲೇ. ಮೂರನೆಯದೂ ಅಲ್ಲೇ, ಆದರೆ ಆ ದಿನ ಟಿ.ವಿ. ಆಫ್ ಆಗಲಿಲ್ಲ, ಸದ್ದು ಮಾತ್ರ ಕಡಿಮೆ ಮಾಡಿದರು ಅಂದ. ನಾಲ್ಕನೆಯದು ಗೆಂಕಾನ್‌ನ ಮೆಟ್ಟಿಲ ಮೇಲೆ. ಅಲ್ಲೇ ಕೂರಿಸಿ, ಅಲ್ಲಿಗೇ ಮುಗಿಚಾ ತಂದುಕೊಟ್ಟಿದ್ದರು. ಅಜ್ಜ ಕುತ್ತಿಗೆಯ ಹಿಂದೆ ಕೈ ಇಟ್ಟುಕೊಂಡು, "ಇವತ್ತು ಸ್ವಲ್ಪ..." ಅಂತ ಮಾತು ಅರ್ಧಕ್ಕೆ ಬಿಟ್ಟಿದ್ದರು. ಐದನೆಯದು ಬಾಗಿಲ ಹೊರಗೆ, ಸರಪಳಿ ಹಾಕಿತ್ತು. ಆರನೆಯದೂ ಹೊರಗೆ. ಬಾಗಿಲು ತೆರೆಯಲೇ ಇಲ್ಲ, ದನಿ ಮಾತ್ರ ಬಂತು.

ಆರನೇ ಚುಕ್ಕೆ ಇಟ್ಟವನು ಪೆನ್ನಿನ ಮುಚ್ಚಳ ಹಾಕಲಿಲ್ಲ. ಹಾಗೇ ನಿಂತು ನೋಡಿದ. ಮಾತು ಆರು ಸಲವೂ ಒಂದೇ. ಜಾಗ ಮಾತ್ರ ಮೇಜಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹೊಸ್ತಿಲಾಚೆಗೆ ಸರಿದಿತ್ತು.

"ಇದು ಬೇಡ ಅಂತಲಾ?" ಅಂದ.

"ಮೊದಲ ದಿನವೇ" ಅಂದೆ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವರು ಏನಾದರೂ ಮಾರಲು ಕೂತರೆ ನಾವು "ಬೇಡ" ಅಂತೀವಾ? "ನೋಡೋಣ ಬಿಡಿ" ಅಂತೀವಿ. ಒಲ್ಲದ ಮದುವೆಗೆ ಕರೆದರೆ "ಆದ್ರೆ ಬರ್ತೀನಿ" ಅಂತೀವಿ. ಕರೆದವರಿಗೂ ಗೊತ್ತು, ನಮಗೂ ಗೊತ್ತು. ಒಸಾಕಾದ ಕಂಗಾಎತೊಕು ವಾ ಅಂದರೆ ನಮ್ಮ ನೋಡೋಣ ಬಿಡಿ. ಇಕೆತಾರ ಇಕು ವಾ ಅಂತೂ ಅಕ್ಷರಕ್ಕಕ್ಷರ ನಮ್ಮ ಆದ್ರೆ ಬರ್ತೀನಿ. ಇಲ್ಲಿನ ಜನ ತಾವೇ ಇದನ್ನು ಹೇಳಿಕೊಂಡು ನಗುತ್ತಾರೆ. (ಊಟದ ಎಲೆ ಮುಂದೆ ಮಾತ್ರ ನಾವು ಉಲ್ಟಾ. "ಸಾಕು, ಬೇಡ" ಅಂತ ಕೈ ಅಡ್ಡ ಇಟ್ಟರೂ ಇನ್ನೊಂದು ಹೋಳಿಗೆ ಬೀಳುತ್ತೆ. ಅದನ್ನು ಈ ಹುಡುಗನಿಗೆ ಹೇಳಿದರೆ ತಲೆ ಕೆಡುತ್ತಿತ್ತು.)

ಹಾಗಿದ್ದ ಮೇಲೆ ಏಪ್ರಿಲಿನಲ್ಲಿ ನಾನು ಯಾಕೆ ಹೇಳಲಿಲ್ಲ? ನನಗೆ ಅದು ಹೇಳಬೇಕಾದ ವಿಷಯ ಅಂತಲೇ ಹೊಳೆದಿರಲಿಲ್ಲ. ಜಪಾನಿ ಕಲಿಯುವಾಗ ಕನ್ನಡದವರಿಗೆ ಸಿಗುವ ಲಾಭ ಒಂದೆರಡಲ್ಲ. ಕ್ರಿಯಾಪದ ಕೊನೆಗೆ ಬರುತ್ತೆ, ವಿಭಕ್ತಿ ಪದದ ಹಿಂದೆ ಅಂಟುತ್ತೆ, ಹೌದೋ ಅಲ್ಲವೋ ವಾಕ್ಯ ಮುಗಿಯುವವರೆಗೆ ತಿಳಿಯಲ್ಲ. ನಮಗೆ ಹುಟ್ಟಿನಿಂದ ಅದೇ ಅಭ್ಯಾಸ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಜಪಾನಿ ಕಲಿಸಲು ಇಟ್ಟಿರುವ ಅವಧಿ 88 ವಾರ, ಸುಮಾರು 2,200 ಗಂಟೆ. ಈ ಹುಡುಗನಿಗೆ ಸಿಕ್ಕಿದ್ದು ತರಬೇತಿ ಕೇಂದ್ರದಲ್ಲಿ ಕೆಲವು ವಾರ. ಅಂಥವನಿಗೆ ವ್ಯಾಕರಣ ಕಲಿಸುವ ಭರದಲ್ಲಿ, ಮಾತಿನ ಹಿಂದಿನ ಮಾತು ತಾನಾಗೇ ತಿಳಿಯುತ್ತೆ ಅಂತ ಬಿಟ್ಟುಬಿಟ್ಟೆ. ನನಗೆ ತಾನಾಗೇ ತಿಳಿದಿತ್ತು ನೋಡಿ.

ಭಾಷೆ ಒಂದೇ ಅಲ್ಲ

ತಪ್ಪು ಪೂರ್ತಿ ಭಾಷೆಯ ಮೇಲೆ ಹಾಕಿದರೂ ಸರಿಯಾಗದು. ವಾರದ ಕೊನೆಗೆ ಹುಡುಗರು ಮೇಲಿನವರಿಗೆ ಲೆಕ್ಕ ಕೊಡಬೇಕು. ಎಷ್ಟು ಜನಕ್ಕೆ ಪಾಠ ಹೇಳಿದಿರಿ, ಭಾನುವಾರ ಎಷ್ಟು ಜನ ಬಂದರು ಅಂತ. ಜಪಾನಿನಲ್ಲಿ ಕ್ರೈಸ್ತರು ಎಲ್ಲ ಪಂಗಡ ಸೇರಿ ನೂರಕ್ಕೆ ಒಬ್ಬರಷ್ಟು. ದಿನಕ್ಕೆ ನೂರು ಬಾಗಿಲು ತಟ್ಟಿದರೂ ಸೊನ್ನೆ ಬರೆಯುವ ವಾರಗಳೇ ಜಾಸ್ತಿ. ಅಂಥ ಹಾಳೆಯ ಮೇಲೆ 'ಯೋಚನೆ ಮಾಡುತ್ತಾರೆ' ಅನ್ನುವ ಒಂದು ಸಾಲು ಎಷ್ಟು ಸಿಹಿ ಇರಬೇಡ. ಅಜ್ಜನ ಮಾತನ್ನು ಅವನು ಕೇಳಿದ್ದು ಈ ಹಾಳೆ ಇಟ್ಟುಕೊಂಡು. ಬಾಗಿಲು ತಟ್ಟುವ ಪದ್ಧತಿಯೇ ನನಗೆ ಇಷ್ಟವಿಲ್ಲ, ಅದನ್ನು ಅವನಿಗೂ ಹೇಳಿದ್ದೇನೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಬಾಗಿಲಿಗೆ ಬಂದಿಲ್ಲವಲ್ಲ" ಅಂತ ನಕ್ಕ.

ಈ ಹುಡುಗರಿಗೆ ಒಂದು ಹಳೆಯ ಆದರ್ಶವೂ ಇದೆ. 1901ರ ಆಗಸ್ಟ್ 12ರಂದು ಈ ಸಭೆಯ ಮೊದಲ ನಾಲ್ವರು ಯೊಕೊಹಾಮಾದಲ್ಲಿ ಇಳಿದರು. ಅವರಲ್ಲಿ ಚಿಕ್ಕವನು ಆಲ್ಮಾ ಟೇಲರ್. ಅವನಿಗೆ 19 ತುಂಬಿ ಹನ್ನೊಂದು ದಿನ ಆಗಿತ್ತು. ಅವನು ಎಂಟು ವರ್ಷಕ್ಕೂ ಜಾಸ್ತಿ ಇದ್ದು, ಭಾಷೆ ಕಲಿತು, ಸಭೆಯ ಧರ್ಮಗ್ರಂಥ ಬುಕ್ ಆಫ್ ಮಾರ್ಮನ್ ಅನ್ನು ಜಪಾನಿ ಭಾಷೆಗೆ ತಂದ. 1909ರಲ್ಲಿ ಅದು ಅಚ್ಚಾಯಿತು. ತಂಡದ ಮುಖ್ಯಸ್ಥ ಹೀಬರ್ ಗ್ರಾಂಟ್‌ಗೆ ಭಾಷೆ ಹಿಡಿತಕ್ಕೆ ಸಿಗಲಿಲ್ಲ, ಎರಡು ವರ್ಷಕ್ಕೆ ವಾಪಸ್ ಹೋಗಿದ್ದರು. ಹುಡುಗನಿಗೆ ಟೇಲರ್‌ನ ಕಥೆ ಬಾಯಿಪಾಠ. ಬಿಡದೆ ಹೋಗುತ್ತಿದ್ದರೆ ಬಾಗಿಲು ತೆರೆಯುತ್ತೆ ಅನ್ನುವುದು ಅವನು ಅದರಿಂದ ಕಲಿತ ಪಾಠ. ಅಜ್ಜನ ಮನೆಯಲ್ಲಿ ಕೈಕೊಟ್ಟಿದ್ದು ಅದೇ ಪಾಠ.

ಇನ್ನು ಅಜ್ಜನ ಕಡೆ. 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೊ ಸಬ್‌ವೇಯಲ್ಲಿ ಸಾರಿನ್ ವಿಷಾನಿಲ ಬಿಟ್ಟರು. ಅಂದಿನಿಂದ 'ಶೂಕ್ಯೊ', ಅಂದರೆ ಧರ್ಮ, ಅನ್ನುವ ಪದ ಬಾಗಿಲಲ್ಲಿ ಕೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. 2022ರ ಜುಲೈ 8ರಂದು ಪಕ್ಕದ ನಾರಾದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯವರ ಕೊಲೆಯಾಯಿತು. ಯೂನಿಫಿಕೇಶನ್ ಚರ್ಚ್ ಅನ್ನುವ ಪಂಥಕ್ಕೆ ತಾಯಿ ಹಣ ಸುರಿದು ಸಂಸಾರ ಮುಳುಗಿತು ಅನ್ನುವುದು ಗುಂಡು ಹಾರಿಸಿದವನ ಸಿಟ್ಟು. ಅದೇ ವರ್ಷ ಡಿಸೆಂಬರಿನಲ್ಲಿ, ಹೆದರಿಸಿ ದೇಣಿಗೆ ಎತ್ತುವುದರ ವಿರುದ್ಧ ಕಾನೂನು ಬಂತು. ಅದಾಗಿ ಆರೇ ತಿಂಗಳಿಗೆ, ಒಬ್ಬರೇ ಇರುವ ವಯಸ್ಸಾದವರ ಮನೆಗೆ ವಾರವಾರ ಇಬ್ಬರು ವಿದೇಶಿ ಹುಡುಗರು. ಈ ಹುಡುಗರಿಗೂ ಆ ಪಂಥಗಳಿಗೂ ಯಾವ ಸಂಬಂಧವೂ ಇಲ್ಲ. ಎದುರು ಬಾಗಿಲ ಇಣುಕು ಕಿಂಡಿಗೆ ಅದು ಕಾಣಬೇಕಲ್ಲ.

ಅಜ್ಜನಿಗೆ ಧರ್ಮ ಬೇಕಿರಲಿಲ್ಲ, ಚಂದ್ರನ ಕಲ್ಲಿನ ಕಥೆ ಕೇಳುವವರು ಬೇಕಿತ್ತು ಅಂತ ನನ್ನ ಲೆಕ್ಕ. ಮಳೆಯಲ್ಲಿ ಸೈಕಲ್ ತುಳಿದು ಬಂದವರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಇದರಲ್ಲಿ ನನಗೆ ತುಂಬ ಕಾಡಿದ್ದು ಚಹಾ. ಹುಡುಗ ಅಜ್ಜನಿಗೆ ಮೊದಲ ದಿನ ಮುಖಕ್ಕೆ ಹೊಡೆದ ಹಾಗೆ ಬೇಡ ಅಂದ. ಅಜ್ಜ ಅದನ್ನು ಒಂದೇ ಸಲಕ್ಕೆ ಕೇಳಿಸಿಕೊಂಡರು. ಅಂಗಡಿಗೆ ಹೋಗಿ ಬೇರೆ ಪ್ಯಾಕೆಟ್ ತಂದರು, ಮತ್ತೆ ಹಸಿರು ಚಹಾ ಮುಂದೆ ಇಡಲಿಲ್ಲ. ಅಜ್ಜ ಹುಡುಗನಿಗೆ ಮೆತ್ತಗೆ ಬೇಡ ಅಂದರು. ಅದು ಕೇಳಿಸಲು ಆರು ಭೇಟಿ, ಒಂದು ನೋಟಿಸು ಬೇಕಾಯಿತು. ಇದನ್ನು ಹೇಳಿದಾಗ ಹುಡುಗನ ಕಿವಿ ಕೆಂಪಾದವು. ಹೇಳಬಾರದಿತ್ತೇನೋ ಅಂತ ಆಮೇಲೆ ಅನ್ನಿಸಿತು.

ಮಾಡಿದ್ದು

ಮುಂದಿನ ಎರಡು ವಾರ ತರಗತಿಯಲ್ಲಿ ಬೇಡ ಅನ್ನುವುದನ್ನೇ ಕಲಿಸಿದೆ, ಎಲ್ಲರಿಗೂ. ಬೇಡ ಅನ್ನುವುದು ಹೇಗೆ, ಬೇಡ ಅಂದದ್ದನ್ನು ಕೇಳಿಸಿಕೊಳ್ಳುವುದು ಹೇಗೆ.

ಮೊದಲನೆಯದಕ್ಕೆ ದಾರಿ ಇದೆ. ನೊಮಿಮಾಸೆನ್ ಅಂದರೆ ಕುಡಿಯಲ್ಲ. ನೊಮೆನಾಯ್‌ನ್ ದೆಸು ಅಂದರೆ ಕುಡಿಯೋಕಾಗಲ್ಲ. ಕನ್ನಡದಲ್ಲೂ ಎರಡರ ನಡುವೆ ಎಷ್ಟು ಅಂತರ ಇದೆ ನೋಡಿ. ಅದರ ಹಿಂದೆಯೇ 'ಒಕಿಮೊಚಿ ದಾಕೆ' ಸೇರಿಸಿದರೆ, ನಿಮ್ಮ ಪ್ರೀತಿಯೇ ಸಾಕು ಅಂದ ಹಾಗೆ. ಸೆಪ್ಟೆಂಬರಿನಲ್ಲಿ ಹುಡುಗನ ಜೊತೆಗಾರ ಬದಲಾದ. ಹೊಸಬ ಹೊಕ್ಕೈದೊ ಕಡೆಯ ಜಪಾನಿ, ಹುಟ್ಟಿನಿಂದ ಅದೇ ಸಭೆಯವನು, ಊರಿನವರ ಮನೆಗಳಲ್ಲಿ ಚಹಾ ತಪ್ಪಿಸಿಕೊಂಡೇ ಬೆಳೆದವನು. ಅವನು ನನ್ನ ಪಾಠ ಕೇಳಿ, "ಸೆನ್ಸೆ, ಅಷ್ಟು ತಡ ಮಾಡಬಾರದು" ಅಂದ. ಚಪ್ಪಲಿ ಬಿಡುವಾಗಲೇ, ಕೆಟಲ್ ಇಡುವ ಮುಂಚೆಯೇ, "ಸ್ವಲ್ಪ ನೀರು ಸಿಗಬಹುದಾ" ಅಂತ ತಾನಾಗಿ ಕೇಳಿಬಿಡಬೇಕಂತೆ. ಕೊಟ್ಟವರಿಗೂ ಸಮಾಧಾನ, ಬೇಡ ಅನ್ನುವ ಪ್ರಸಂಗವೇ ಬರಲ್ಲ. ಹದಿನಾಲ್ಕು ವರ್ಷದಲ್ಲಿ ನನಗೆ ಹೊಳೆಯದ ಉಪಾಯ ಅದು.

ಎರಡನೆಯದನ್ನು ನಾಟಕ ಮಾಡಿಸಿಯೇ ಕಲಿಸಬೇಕು. ನಾನು ಅಜ್ಜ ಆದೆ. ಟಿ.ವಿ. ಹಚ್ಚಿಟ್ಟೆ, ಉಸಿರೆಳೆದುಕೊಂಡೆ, ಮಾತು ಅರ್ಧಕ್ಕೆ ಬಿಟ್ಟೆ, ಬಾಗಿಲ ಹಿಡಿಕೆಯಿಂದ ಕೈ ತೆಗೆಯಲಿಲ್ಲ. ಎಲ್ಲಿ ಎದ್ದು ಹೊರಡಬೇಕೋ ಅಲ್ಲಿ ಹೊರಡಬೇಕು. ನೇಪಾಳದ ಹುಡುಗಿ ಮೊದಲ ಸಲಕ್ಕೇ ಹೊರಟಳು. ಇವನು ಮೂರು ಸಲ ಸೋತ, ನಾಲ್ಕನೇ ಸಲ ಎದ್ದ.

ಟವೆಲು ಅವನ ಹತ್ತಿರವೇ ಇತ್ತು. ಒಗೆದು ಮಡಚಿಟ್ಟಿದ್ದ. ಅಂಥ ಟವೆಲನ್ನು ಇಲ್ಲಿ ಯಾರೂ ವಾಪಸ್ ಕೊಡಲ್ಲ ಅಂದೆ. ಕೊಡಬೇಕು ಅಂದ. ಸಭೆಯ ಹಿರಿಯರನ್ನು ಕೇಳಿ, ಒಂದೇ ಸಲ, ಒಳಗೆ ಕಾಲಿಡಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿಗೆ ತಗೊಂಡ. ಚೀಲ, ಪುಸ್ತಕ ಕೆಳಗೆ ಸೈಕಲ್ಲಿನಲ್ಲೇ ಬಿಟ್ಟು ಇಬ್ಬರೂ ಮೇಲೆ ಹೋದರು.

ಬಾಗಿಲು ತೆರೆಯಿತು. ಪೂರ್ತಿ. ಹುಡುಗ ಎರಡೂ ಕೈಯಲ್ಲಿ ಟವೆಲು ಕೊಟ್ಟು, ತೊಂದರೆ ಕೊಟ್ಟೆ, ಕ್ಷಮಿಸಿ ಅಂದ. ಅಜ್ಜ ಏನೋ ಗೊಣಗಿದರು, ಅದು ಒಸಾಕಾ ಮಾತು, ಇವನಿಗೆ ಹತ್ತಲಿಲ್ಲ. ಆಮೇಲೆ, "ಮುಗಿಚಾ ಆದರೂ ಕುಡಿದು ಹೋಗಿ" ಅಂದರು. ಹುಡುಗ ನೋಡಿದ. ಒಳಗೆ ಟಿ.ವಿ. ಓಡುತ್ತಿತ್ತು. ಅಜ್ಜನ ಎಡಗೈ ಹಿಡಿಕೆಯ ಮೇಲಿತ್ತು.

"ಮಾತಾ ಕೊಂದೊ" ಅಂದ. ಇನ್ನೊಂದ್ಸಲ.

ಅಜ್ಜ ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕರಂತೆ. ಮೆಟ್ಟಿಲ ಸಾಲಿಗೆಲ್ಲ ಕೇಳುವಷ್ಟು. ತಾಳಿ ಅಂತ ಒಳಗೆ ಹೋಗಿ ಮುಗಿಚಾ ಪ್ಯಾಕೆಟ್ ತಂದರು. ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು. ತಗೊಂಡು ಹೋಗಿ, ನನಗೆ ಇದು ಸೇರಲ್ಲ ಅಂದರು.

ಆ ವಾರ ತರಗತಿಗೆ ಪ್ಯಾಕೆಟ್ ಬಂತು. ಮೇಲೆ 52 ಪೊಟ್ಟಣ ಅಂತ ಅಚ್ಚಾಗಿತ್ತು. ಹುಡುಗ ಎಣಿಸಿದ್ದ, 49 ಇವೆ ಅಂದ. ಒಂದು ಹೂಜಿಗೆ ಒಂದು ಪೊಟ್ಟಣ. ಎರಡನೇ, ಮೂರನೇ, ನಾಲ್ಕನೇ ಭೇಟಿ.

"ಸೆನ್ಸೆ, ಇದು ಇನ್ನು ಬರಬೇಡಿ ಅಂತಲಾ?"

"ಕೊಡುವಾಗ ಕೈ ಎಲ್ಲಿತ್ತು?"

ಅವನು ನೆನಪು ಮಾಡಿಕೊಂಡ. "ಎರಡೂ ಕೈಲಿ ಕೊಟ್ಟರು."

ಅಕ್ಟೋಬರಿನಲ್ಲಿ ಅವನನ್ನು ಬೇರೆ ಊರಿಗೆ ಹಾಕಿದರು. ಪ್ಯಾಕೆಟ್ ನಮ್ಮ ತರಗತಿಯ ಕಪಾಟಿನಲ್ಲಿ ಬಿಟ್ಟುಹೋದ. ಬೇಸಿಗೆ ಮುಗಿದಿತ್ತು, ತಣ್ಣಗಿನದು ಯಾರಿಗೂ ಬೇಕಿರಲಿಲ್ಲ. ಬಿಸಿ ನೀರಿಗೆ ಹಾಕಿ ಕುಡಿದೆವು.